ಗವಿಮಠದ ಗುಡ್ಡ ಹತ್ತುವ ಭಕ್ತಿ

ಅಮಾವಾಸ್ಯೆ ಬಂತೆಂದರೆ ಕೊಪ್ಪಳದ ಜನ ಗವಿಮಠದ ಗುಡ್ಡದ ಕಡೆಗೆ ಹೊರಡುತ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದವರೂ, ಹರಕೆ ಹೊತ್ತು ನಸುಕಿನಲ್ಲೇ ಬರಿಗಾಲಲ್ಲಿ ನಡೆದು ಬಂದವರೂ ಒಂದೇ ಸಾಲಿನಲ್ಲಿ ಕೂಡಿಕೊಂಡು ಮೆಟ್ಟಿಲು ಹತ್ತಿ, ಬಂಡೆಯ ಗವಿಯಲ್ಲಿರುವ, ಜನ ಗವಿಸಿದ್ಧಪ್ಪಜ್ಜನೆಂದು ಕರೆಯುವ ಗವಿಸಿದ್ಧೇಶ್ವರರ ಗದ್ದುಗೆಗೆ ಕಾಯಿ ಕರ್ಪೂರ ಅರ್ಪಿಸಿ, ಹಣೆಗೆ ವಿಭೂತಿ ಧರಿಸಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಊರಿಗೆ ಮರಳುತ್ತಾರೆ.

ಊರಿಗೆ ಅಂಟಿಕೊಂಡೇ ಇರುವ ಈ ಗುಡ್ಡ ಎತ್ತರದಲ್ಲಿ ದೊಡ್ಡದಲ್ಲ, ಹತ್ತುವುದಕ್ಕೆ ಇಡೀ ದಿನವೇನೂ ಬೇಕಾಗುವುದಿಲ್ಲ. ಆದರೂ ಮೊಣಕಾಲು ನೋವಿರುವ ಮುದುಕಿಗೆ ಪ್ರತಿ ಮೆಟ್ಟಿಲೂ ಒಂದು ಸೇವೆಯೇ ಆಗಿರುತ್ತದೆ. ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ಕೈ ಪಕ್ಕದ ಬಂಡೆಯ ಮೇಲೆ ಊರಿ, "ಅಜ್ಜಾ, ನೀನ ಹತ್ತಿಸ್ಕೋಬೇಕಪಾ" ಎನ್ನುತ್ತ ಏರುವ ತಾಯಂದಿರನ್ನು ಇಲ್ಲಿ ಯಾವ ಅಮಾವಾಸ್ಯೆಯಲ್ಲಾದರೂ ಕಾಣಬಹುದು. "ಆಯೀ, ಸ್ವಲ್ಪ ಕೂಡು" ಎಂದು ಮೊಮ್ಮಗ ಕೈಹಿಡಿದರೂ ಅವರು ಕೂಡುವುದಿಲ್ಲ. ದರ್ಶನವಾಗುವ ತನಕ ಕೂಡಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡ ನೇಮ.

ಈ ತಾಯಂದಿರ ಏರಿಕೆಯನ್ನು ಕಂಡಾಗಲೆಲ್ಲ ನನಗೆ ಇದೇ ಗುಡ್ಡದ ಬಂಡೆಯ ಮೇಲಿರುವ ಅಶೋಕನ ಶಾಸನ ನೆನಪಾಗುತ್ತದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆಸಿದ ಈ ಬರಹ ವಿದ್ವಾಂಸರ ಗಮನಕ್ಕೆ ಬಂದದ್ದು 1931ರಲ್ಲಿ. ಅದರಲ್ಲಿ ಚಕ್ರವರ್ತಿಯು, ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತಾದರೂ ಮೊದಲು ಸಾಕಷ್ಟು ಶ್ರಮಿಸಲಿಲ್ಲವೆಂದೂ, ಬೌದ್ಧ ಭಿಕ್ಷುಗಳ ಸಂಘವನ್ನು ಸೇರಿಕೊಂಡ ಮೇಲೆಯೇ ಹೆಚ್ಚು ಶ್ರಮಿಸಿದೆನೆಂದೂ ಹೇಳಿಕೊಳ್ಳುತ್ತಾನೆ. ಬಳಿಕ, ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವನೂ ಸ್ವರ್ಗವನ್ನು ಪಡೆಯಬಲ್ಲನು ಎಂದು ಸಾರುತ್ತಾನೆ. ಸಾಮ್ರಾಜ್ಯವನ್ನಾಳಿದವನು ತನ್ನ ಸಾಧನೆಯ ಕೊರತೆಯನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆಸಿದ್ದು ನನ್ನ ಮಟ್ಟಿಗೆ ದೊಡ್ಡ ಭಕ್ತಿ. ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿರುವ ಆ ಮುದುಕಿಗೆ ಬ್ರಾಹ್ಮೀ ಓದಲು ಬರುವುದಿಲ್ಲ, ಆದರೆ ಬಂಡೆ ಹೇಳುವುದನ್ನೇ ಆಕೆ ಮಾಡುತ್ತಿದ್ದಾಳೆ.

ಕೊಪ್ಪಳದ ಇನ್ನೊಂದು ಬಂಡೆಗುಡ್ಡವಾದ ಪಾಲ್ಕಿಗುಂಡಿಗೆ ಹೋಗಲು ಮಾತ್ರ ನಿಜವಾಗಿಯೂ ಬಂಡೆ ಏರಬೇಕು. ಬೃಹತ್ ಬಂಡೆಗಳ ಮೇಲೆ ಇನ್ನೊಂದು ಹಾಸುಬಂಡೆ ಚಪ್ಪರದಂತೆ ಕೂತಿರುವ ಅಲ್ಲಿಯೂ ಅಶೋಕನ ಇಂಥದೇ ಶಾಸನವಿದೆ. ಗವಿಮಠದ ಶಾಸನಕ್ಕಿಂತ ಅದು ಹೆಚ್ಚು ಸವೆದಿದೆ. ಅದರ ಸಮೀಪದಲ್ಲಿ ಬಂಡೆಯ ಮೇಲೆ ಕೊರೆದ ಎರಡು ಪಾದಗಳಿವೆ. ಜಟಾಸಿಂಹನಂದಿ ಎಂಬ ಜೈನ ಆಚಾರ್ಯರ ಆ ಪಾದಗಳನ್ನು ಮಾಡಿಸಿದವನು ಚಾವಯ್ಯನೆಂದು ಅಲ್ಲಿಯ ಕನ್ನಡ ಬರಹ ಹೇಳುತ್ತದೆ. ಕೊಪಣವೆಂದು ಹೆಸರಾಗಿದ್ದ ಈ ಊರು ಆಗ ಜೈನರ ಮಹಾತೀರ್ಥ. ಅನ್ನಾಹಾರ ಬಿಡುವ ಸಲ್ಲೇಖನ ವ್ರತ ಹಿಡಿದು ದೇಹ ಬಿಡಲೆಂದು ಇಲ್ಲಿಗೆ ಬಂದವರಿದ್ದರು. ಚಾವಯ್ಯ ಯಾರು, ಎಲ್ಲಿಯವನು ಎಂಬುದನ್ನು ಆ ಸಾಲು ತಿಳಿಸುವುದಿಲ್ಲ, ಗುರುಪಾದದ ಮೇಲಿನ ಅವನ ಭಕ್ತಿಯನ್ನಷ್ಟೇ ತಿಳಿಸುತ್ತದೆ. ಬೌದ್ಧ ಉಪಾಸಕ, ಜೈನ ಶ್ರಾವಕ, ಗವಿಸಿದ್ಧಪ್ಪಜ್ಜನ ಒಕ್ಕಲಾದ ಇಂದಿನ ರೈತ, ಇವರೆಲ್ಲರೂ ಇದೇ ಕಲ್ಲುಗಳ ನಡುವೆ ತಮ್ಮ ತಮ್ಮ ನೇಮವನ್ನು ನಡೆಸಿದ್ದಾರೆಂಬುದು ನನಗೆ ಕೊಪ್ಪಳದವನೆಂಬ ಅಭಿಮಾನವನ್ನು ಕೊಡುತ್ತದೆ.

ಸಣ್ಣವರ ಶ್ರಮ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ನೋಡಬೇಕಾದರೆ ಜಾತ್ರೆಗೆ ಬರಬೇಕು. ಪುಷ್ಯ ಬಹುಳ ಬಿದಿಗೆಯಂದು ತೇರು ಎಳೆಯುತ್ತಾರೆ, ಜನಸಾಗರದ ಮಧ್ಯದಿಂದ ಉತ್ತತ್ತಿ ತೇರಿನತ್ತ ಹಾರುತ್ತವೆ. ಆದರೆ ಜಾತ್ರೆ ಶುರುವಾಗುವುದು ಅದಕ್ಕೂ ಎಷ್ಟೋ ದಿನ ಮೊದಲು, ಹಳ್ಳಿಯ ಒಲೆಗಳ ಮುಂದೆ. ಓಣಿಯ ಹೆಣ್ಣುಮಕ್ಕಳು ಒಟ್ಟಿಗೆ ಕುಳಿತು ಜೋಳದ ರೊಟ್ಟಿ ಬಡಿದು, ಹಂಚಿನಿಂದ ತೆಗೆದು ಕಟಿಯಾಗುವಂತೆ ಒಣಗಿಸಿ, ಬಿಳಿ ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ಜೋಡಿಸುತ್ತಾರೆ. ಗಂಡಸರು ಅವನ್ನು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಭಜನೆ ಮಾಡುತ್ತ ಮಠಕ್ಕೆ ತಂದೊಪ್ಪಿಸುತ್ತಾರೆ. ಹೀಗೆ ಕೂಡುವ ರೊಟ್ಟಿಗಳು ಲಕ್ಷಗಳ ಲೆಕ್ಕದಲ್ಲಿರುತ್ತವೆ. ಮಾದಲಿ, ಪಲ್ಯ, ಅನ್ನ ಸಾರುಗಳೊಡನೆ ಅವನ್ನು ಉಣ್ಣುವವರಿಗೆ, ಯಾವ ರೊಟ್ಟಿ ಯಾರ ಮನೆಯದೆಂದು ತಿಳಿಯುವುದಿಲ್ಲ, ಬಡಿದವರಿಗೂ ತಿಳಿಯಬೇಕೆಂಬ ಆಸೆಯಿಲ್ಲ.

ದರ್ಶನಕ್ಕೆ ಬರುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಪಾಲ್ಕಿಗುಂಡಿಗೂ ಹೋಗಿಬರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿಸಿಲಿಗೆ ಬಂಡೆ ಕಾಯುವ ಮೊದಲು, ಬೆಳಗಿನಲ್ಲೇ ಹೊರಟು ನೀರು ಜೊತೆಗಿಟ್ಟುಕೊಳ್ಳಿ. ಶಾಸನದ ಅಕ್ಷರಗಳಿಗೆ ಸುಣ್ಣ, ಸೀಮೆಸುಣ್ಣ, ಕುಂಕುಮ ಯಾವುದನ್ನೂ ಹಚ್ಚಬೇಡಿ, ಬಂಡೆಯ ಮೇಲೆ ಹೆಸರು ಗೀಚುವ ಹುಡುಗರನ್ನು ಕಂಡರೆ ಪ್ರೀತಿಯಿಂದ ತಡೆಯಿರಿ; ಇದೂ ಗವಿಸಿದ್ಧಪ್ಪಜ್ಜನ ಸೇವೆಯೆಂದೇ ನಾನು ನಂಬಿದ್ದೇನೆ.