ಮೇಲೇರುವ ಸೀಮೆಸುಣ್ಣದ ಮೇಲೆ ಯಾವ ಬಲವಿದೆ?

ಚಲನೆಯ ನಿಯಮಗಳ ಪಾಠ ಆರಂಭಿಸುವ ಮುನ್ನ ನಾನು ಸೀಮೆಸುಣ್ಣದ ತುಂಡೊಂದನ್ನು ನೇರವಾಗಿ ಮೇಲಕ್ಕೆಸೆದು, ಅದು ಕೈಬಿಟ್ಟು ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ ಎಂದು ಮಕ್ಕಳನ್ನು ಕೇಳುತ್ತೇನೆ. ಬಹುತೇಕರ ಉತ್ತರ ಒಂದೇ: ಕೈ ಕೊಟ್ಟ ಬಲ ಮೇಲಕ್ಕೆ, ಗುರುತ್ವ ಕೆಳಕ್ಕೆ, ಕೈಯ ಬಲ ತೀರುತ್ತ ಬಂದು ತುತ್ತತುದಿಯಲ್ಲಿ ಎರಡೂ ಸಮವಾಗುತ್ತವೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಕೈ ಬಿಟ್ಟ ಕ್ಷಣದಿಂದ ಅದರ ಮೇಲಿರುವುದು ಗುರುತ್ವ ಬಲವೊಂದೇ. ತುದಿಯಲ್ಲಿ ವೇಗ ಸೊನ್ನೆಯಾದಾಗಲೂ 9.8 ಮೀ/ಸೆ² ವೇಗೋತ್ಕರ್ಷ (ವೇಗ ಬದಲಾಗುವ ದರ) ಕೆಳಮುಖವಾಗಿ ಇದ್ದೇ ಇರುತ್ತದೆ.

ಈ ತಪ್ಪನ್ನು ದಡ್ಡತನವೆಂದು ಕರೆಯುವುದು ಅನ್ಯಾಯ. ತಳ್ಳುವುದನ್ನು ನಿಲ್ಲಿಸಿದರೆ ಗಾಡಿ ನಿಲ್ಲುತ್ತದೆ ಎಂಬುದನ್ನು ಮಗು ಕಣ್ಣಾರೆ ಕಂಡಿದೆ, ಘರ್ಷಣೆಯನ್ನು ಕಂಡಿಲ್ಲ. ಎಸೆದವನ ಬಲ ವಸ್ತುವಿನೊಳಗೆ ಉಳಿದು ಕ್ರಮೇಣ ತೀರುತ್ತದೆ ಎಂಬುದು 6ನೇ ಶತಮಾನದ ಚಿಂತಕ ಫಿಲೋಪೋನಸ್‌ನ ವಾದವೂ ಆಗಿತ್ತು. ಅಲ್ಲಿಂದ 1687ರಲ್ಲಿ ನ್ಯೂಟನ್ ತನ್ನ ನಿಯಮಗಳನ್ನು ಪ್ರಕಟಿಸುವವರೆಗೆ ಸಾವಿರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ದಾರಿಯನ್ನು ನಾವು ಮಕ್ಕಳಿಗೆ ಎರಡು ಪೀರಿಯಡ್‌ಗಳಲ್ಲಿ ದಾಟಿಸಲು ಹೊರಡುತ್ತೇವೆ. ಲೆಕ್ಕ ಬಿಡಿಸಬಲ್ಲವರ ಮನಸ್ಸಿನಲ್ಲೂ ಹಳೆಯ ಕಲ್ಪನೆ ಅಲುಗದೆ ಉಳಿಯುತ್ತದೆ ಎಂಬುದನ್ನು 1992ರಲ್ಲಿ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ಪ್ರಕಟಿಸಿದ, ಬಲದ ಪರಿಕಲ್ಪನೆ ಕುರಿತ ಪ್ರಶ್ನಾವಳಿ ಸ್ಪಷ್ಟವಾಗಿ ತೋರಿಸಿತು.

ಭಾಷೆಯದು ಇನ್ನೊಂದು ತೊಡಕು. ಆಡುಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಹೆಚ್ಚುಕಡಿಮೆ ಒಂದೇ. ಪುಸ್ತಕದಲ್ಲಿ ಮಾತ್ರ ಅವು ನ್ಯೂಟನ್, ಜೂಲ್, ವ್ಯಾಟ್ ಎಂಬ ಬೇರೆ ಬೇರೆ ಮಾನಗಳಾಗಿ ಬೇರೆಯಾಗುತ್ತವೆ. ಮೂಟೆ ಹೊತ್ತು ಅಲುಗದೆ ನಿಂತವನು ಮೂಟೆಯ ಮೇಲೆ ಯಾವ ಕೆಲಸವನ್ನೂ ಮಾಡುತ್ತಿಲ್ಲ ಎಂದರೆ ಯಾವ ಮಗು ತಾನೇ ಒಪ್ಪೀತು? ವ್ಯಾಖ್ಯಾನವನ್ನು ಬಾಯಿಪಾಠ ಮಾಡಿಸುವ ಮುನ್ನ ಆ ಅಸಮಾಧಾನಕ್ಕೆ ತರಗತಿಯಲ್ಲಿ ಜಾಗ ಕೊಡಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಪಾಠಗಳನ್ನು ಮುಗಿಸುವ ಧಾವಂತದಲ್ಲಿ ಮೊದಲು ಕೈಬಿಟ್ಟುಹೋಗುವುದು ಅದೇ.

ಒಮ್ಮೆ ಬಲ್ಬಿನ ಎರಡೂ ಬದಿಗೆ ವಿದ್ಯುತ್ ಪ್ರವಾಹ ಅಳೆಯುವ ಒಂದೊಂದು ಅಮ್ಮೀಟರ್ ಜೋಡಿಸಿದ್ದೆ. ಬಲ್ಬು ವಿದ್ಯುತ್ತನ್ನು ‘ತಿನ್ನುವುದರಿಂದ’ ಆಚೆ ಬದಿಯ ಅಮ್ಮೀಟರ್ ಕಡಿಮೆ ತೋರಿಸುತ್ತದೆ ಎಂದು ಇಡೀ ತರಗತಿ ಊಹಿಸಿತ್ತು. ಎರಡೂ 0.3 ಆಂಪಿಯರ್ ತೋರಿಸಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಒಂದು ಅಮ್ಮೀಟರ್ ಕೆಟ್ಟಿರಬೇಕೆಂದು ತಾನೇ ಎದ್ದು ಬಂದು ಎರಡನ್ನೂ ಅದಲು ಬದಲು ಮಾಡಿದಳು. ಮುಳ್ಳುಗಳು ಅಲ್ಲೇ ನಿಂತವು. ಅವಳು ಬಹಳ ಹೊತ್ತು ನೋಡುತ್ತ ನಿಂತು, “ಹಾಗಾದರೆ ಬಲ್ಬಿನಲ್ಲಿ ಖರ್ಚಾಗುವುದು ಏನು ಸರ್?” ಎಂದಳು. ಮರುದಿನಕ್ಕೆಂದು ಇಟ್ಟುಕೊಂಡಿದ್ದ ವಿಭವಾಂತರದ (ವೋಲ್ಟೇಜಿನ) ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.