ಮೂರು ಹನಿ ಎಣ್ಣೆ, ಒಂದು ಚೂರು ಎಕ್ಸ್‌ರೇ ಹಾಳೆ

ಮೇ ತಿಂಗಳ ಒಂದು ಭಾನುವಾರ, ಬಳ್ಳಾರಿಯ ಬಿಸಿಲಿಗೆ ಹೆದರಿ ಊಟದ ನಂತರ ಅಡ್ಡಾಗಿದ್ದ ಮನೆಯವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಮಿಕ್ಸಿಯಲ್ಲಿ ಒಣಕೊಬ್ಬರಿ ತಿರುವಿದಂಥ ಸದ್ದು ಮಾಡುತ್ತ ಮೇಜಿನ ಮೇಲೆ ಸುತ್ತು ಹೊಡೆಯುತ್ತಿದ್ದುದು ಒಂದಡಿಗಿಂತ ತುಸು ಗಿಡ್ಡನೆಯ ರೈಲು ಬೋಗಿ. ಅಮೆರಿಕದ ಬಡ್ ಕಂಪನಿ 1949ರಲ್ಲಿ ಹೊರತಂದ, ಎಳೆಯಲು ಬೇರೆ ಎಂಜಿನ್ ಬೇಡದೆ ತನ್ನ ತಳದಲ್ಲಿರುವ ಎರಡು ಡೀಸೆಲ್ ಎಂಜಿನ್‌ಗಳಿಂದಲೇ ಓಡುವ ಸ್ಟೀಲ್ ಬೋಗಿಯ 1:87 ಅಳತೆಯ ಮಾದರಿ ಅದು. ಹಳಿಯ ಅಗಲ 16.5 ಮಿ.ಮೀ., ವಿದ್ಯುತ್ತು 12 ವೋಲ್ಟ್. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ.ಯನ್ನು ಇದೇ ಅಳತೆಗೆ ಇಳಿಸಿದರೆ 19 ದಾಟುವುದರಿಂದ, ಗುಂತಕಲ್ ಪ್ಯಾಸೆಂಜರನ್ನು ಈ ಹಳಿಯ ಮೇಲೆ ಓಡಿಸುವ ಆಸೆಯನ್ನು ನಾನು ಎಂದೋ ಕೈಬಿಟ್ಟಿದ್ದೇನೆ.

ಬಂಧುವೊಬ್ಬರು ತಂದುಕೊಟ್ಟ ಈ ಬೋಗಿ ವರ್ಷಗಟ್ಟಲೆ ಡಬ್ಬಿಯಲ್ಲೇ ಮಲಗಿತ್ತು. ಅದರ ಗದ್ದಲಕ್ಕೆ ಎಣ್ಣೆಯ ಕೊರತೆಯೇ ಕಾರಣವೆಂದು ತೀರ್ಮಾನಿಸಿ, ಹಿಂದಿನ ವಾರವಷ್ಟೇ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಪರಿಚಯದವರಿಂದ ಹೊಲಿಗೆ ಯಂತ್ರದ ಎಣ್ಣೆ ತಂದು, ಕಂಡ ಕಂಡ ಸಂದಿಗೆಲ್ಲ ಧಾರಾಳವಾಗಿ ಸುರಿದಿದ್ದೆ. ಎರಡು ದಿನ ಸದ್ದು ಅಡಗಿತು. ಮೂರನೆಯ ದಿನ ಮೊದಲಿಗಿಂತ ಜೋರಾಯಿತು, ಜೊತೆಗೆ ಚಕ್ರಗಳು ಹಳಿಯ ಮೇಲೆ ಜಾರತೊಡಗಿದವು. ಆ ಭಾನುವಾರ ಅದನ್ನು ಬಿಚ್ಚದೆ ಗತ್ಯಂತರವಿರಲಿಲ್ಲ.

ತಳ ಕಳಚಿ ನೋಡಿದಾಗ ನಾಚಿಕೆಯಾಯಿತು. ಕಾರ್ಖಾನೆಯಲ್ಲಿ ಹಚ್ಚಿದ್ದ ಗ್ರೀಸು ಆರಿದ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಗಿಯರಿನ ಹಲ್ಲುಗಳ ಬುಡಕ್ಕೆ ಕಚ್ಚಿಕೊಂಡಿತ್ತು. ಅದರ ಮೇಲೆ ನಾನು ಸುರಿದ ಎಣ್ಣೆಗೆ ನಮ್ಮೂರಿನ ಕೆಂಪು ಧೂಳು ಸೇರಿ, ಬೆರಳ ನಡುವೆ ಉಜ್ಜಿದರೆ ಮರಳು ಕಾಗದದಂತೆ ತರಿತರಿಯಾಗುವ ಕೆಸರಾಗಿತ್ತು. ಅದಿರು ಲಾರಿ ಓಡುವ ಊರಿನಲ್ಲಿ ಹೆಚ್ಚಾದ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಸಾಣೆ ಹಿಡಿಯುವ ಪುಡಿಯಾಗುತ್ತದೆ. ಮೋಟಾರಿನ ತಿರುಗುವ ಸುರುಳಿಗಳಿಗೆ ವಿದ್ಯುತ್ತು ಹಾಯಿಸುವ ಕಮ್ಯುಟೇಟರಿನ ಮೇಲೂ ಎಣ್ಣೆ ಹರಿದು, ಕಾರ್ಬನ್ ಬ್ರಷ್ಷಿನ ಪುಡಿಯೊಂದಿಗೆ ಕಲೆತು, ತಾಮ್ರದ ಪಟ್ಟಿಗಳ ನಡುವಿನ ಸಂದಿಗಳನ್ನು ಕಾಡಿಗೆಯಂತೆ ತುಂಬಿತ್ತು. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಹಲ್ಲುಕಡ್ಡಿಯಿಂದ ಒಂದೊಂದೇ ಹಲ್ಲನ್ನು ಕೆದಕಿ ತೆಗೆಯುವಷ್ಟರಲ್ಲಿ ಸಂಜೆಯ ಚಹಾ ಬಂದಿತ್ತು.

ಶುಚಿಗೊಳಿಸಿ ಓಡಿಸಿದಾಗ ಬೋಗಿ ಮುಂದಕ್ಕೆ ಸುಮ್ಮನೆ ಹೋಯಿತು, ಹಿಂದಕ್ಕೆ ಬರುವಾಗ ಮಾತ್ರ ಗೊರಗೊರ ಎಂದಿತು. ಹಲಗೆಯ ಒಂದು ತುದಿಯನ್ನು ಎತ್ತಿ ಇಳಿಜಾರು ಮಾಡಿದರೆ ಇಳಿಯುವಾಗಲೂ ಅದೇ ಗೊರಗು. ಗಿಯರ್ ಸವೆದಿದ್ದರೆ ಎರಡೂ ದಿಕ್ಕಿನಲ್ಲಿ ಕೇಳಬೇಕಿತ್ತಲ್ಲ ಎಂದು ಅನುಮಾನ ಬಂದು, ಗಿಯರನ್ನು ತಿರುಗಿಸುವ ಸುರುಳಿ ಹಲ್ಲಿನ ವರ್ಮ್ ಶಾಫ್ಟನ್ನು ಚಿಮಟದಿಂದ ಹಿಡಿದು ಉದ್ದುದ್ದಕ್ಕೆ ಅಲುಗಿಸಿದೆ. ಟಿಕ್ ಎಂದು ಸುಮಾರು ಅರ್ಧ ಮಿಲಿಮೀಟರ್ ಸರಿಯಿತು. ವರ್ಮ್ ತಿರುಗುವಾಗ ಗಿಯರ್ ಅದನ್ನು ಒಂದು ಪಕ್ಕಕ್ಕೆ ಒತ್ತುತ್ತದೆ. ದಿಕ್ಕು ಬದಲಾದರೆ, ಅಥವಾ ಇಳಿಜಾರಿನಲ್ಲಿ ಬೋಗಿಯ ತೂಕವೇ ಗಿಯರನ್ನು ದೂಡಿದರೆ, ಆ ಒತ್ತು ಮಗುಚಿ ಶಾಫ್ಟು ಇನ್ನೊಂದು ಬದಿಯ ಬುಶ್ಶಿಗೆ, ಅಂದರೆ ಅದರ ತುದಿ ಕೂರುವ ಬಳೆಗೆ, ಬಡಿಯುತ್ತದೆ. ಕೊಡ ತುಂಬ ಎಣ್ಣೆ ಸುರಿದರೂ ಈ ಸಡಿಲ ತುಂಬುವುದಿಲ್ಲ. ತೆಳುವಾದ ವಾಷರ್ ಬೇಕು. ಅಷ್ಟು ಸಣ್ಣದು ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ನನ್ನದೇ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆಯಿಂದ ಎರಡು ಚೂರು ಕತ್ತರಿಸಿ, ಬಿಸಿ ಸೂಜಿಯಿಂದ ತೂತು ಮಾಡಿ, ಅಂಚು ತೀಡಿ ಶಾಫ್ಟಿಗೆ ಪೋಣಿಸಿದೆ. ಸಡಿಲವನ್ನು ಪೂರ್ತಿ ತೆಗೆಯಲಿಲ್ಲ. ಉಗುರಿಗೆ ತಾಗಿಯೂ ತಾಗದಷ್ಟು ಉಳಿಸಿದೆ, ಬಿಗಿಯಾದರೆ ಮೋಟಾರು ಕಾಯುತ್ತದೆ.

ಆಮೇಲೆ ಎಣ್ಣೆಯ ಸರದಿ. ಸೂಜಿಯ ಮೊನೆಯಲ್ಲಿ ನಿಂತಷ್ಟನ್ನೇ ಮೋಟಾರಿನ ಎರಡು ಬುಶ್ಶುಗಳಿಗೆ ಒಂದೊಂದು ಹನಿ, ಮೂರನೆಯ ಹನಿಯನ್ನು ಅಚ್ಚುಗಳ ತುದಿಗಳಿಗೆ ಹಂಚಿದ್ದು. ಹೊದಿಕೆಯ ಪ್ಲಾಸ್ಟಿಕ್ಕಿಗೆ ಪೆಟ್ರೋಲಿಯಂ ಎಣ್ಣೆ ಹತ್ತಿದರೆ ಬಿರುಕು ಬಿಡಬಹುದಾದ್ದರಿಂದ ಅತ್ತ ಕೈ ಹೋಗದಂತೆ ನೋಡಿಕೊಂಡೆ. ವರ್ಮಿಗೆ ಮಾತ್ರ ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸು, ಸಾಸಿವೆ ಕಾಳಿನಷ್ಟು.

ಮೇಲಿನ ಹೊದಿಕೆ ತೊಡಿಸಿದೊಡನೆ ಸದ್ದು ಮತ್ತೆ ಏರಿದ್ದು ವಿಚಿತ್ರವೆನಿಸಿತು. ಟೊಳ್ಳು ಪೆಟ್ಟಿಗೆಯಲ್ಲವೆ, ಡಗ್ಗದಂತೆ ಅನುರಣಿಸುತ್ತಿತ್ತು. ಒಳಮೈಗೆ ಫೋಮಿನ ಎರಡು ಪಟ್ಟಿ ಅಂಟಿಸಿದ ಮೇಲೆ ಅದೂ ತಣ್ಣಗಾಯಿತು.

ರಾತ್ರಿ ಹತ್ತಕ್ಕೆ ಓಡಿಸಿದಾಗ ಯಾರೂ ಏಳಲಿಲ್ಲ. ತೀರ ನಿಧಾನವಾಗಿ ಹೊರಡುವಾಗ ಸೊಳ್ಳೆಯಂಥ ಒಂದು ಗುಂಯ್‌ ಮಾತ್ರ ಉಳಿದಿದೆ. ಅದು ಬೋಗಿಯ ವೇಗ ಹೆಚ್ಚು ಕಡಿಮೆ ಮಾಡುವ ನನ್ನ ಕಂಟ್ರೋಲರು ವಿದ್ಯುತ್ತನ್ನು ತುಂಡು ತುಂಡಾಗಿ ಕೊಡುವುದರಿಂದ ಬರುವ ಸದ್ದು; ಅದಕ್ಕೆ ಬೋಗಿ ಬಿಚ್ಚಿ ಪ್ರಯೋಜನವಿಲ್ಲ, ಬರುವ ಭಾನುವಾರ ಕಂಟ್ರೋಲರಿನ ಮುಚ್ಚಳ ತೆಗೆಯಬೇಕು.