ನಮ್ಮ ಡಾಕ್ಟರ ಹೆಸರು ಹೇಳಿದ್ದಕ್ಕೆ

"ನಾನು ಕಳಿಸಿದ್ದು ಅಂತ ಹೇಳಿ, ಚೆನ್ನಾಗಿ ನೋಡ್ಕೊಳ್ತಾರೆ."

ಸಾಗರದ ನಮ್ಮ ಡಾಕ್ಟರು ಚೀಟಿ ಕೊಡುವಾಗ ಹೇಳಿದ್ದು ಇಷ್ಟೇ. ಅಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಷ್ಟು ಜೋಪಾನವಾಗಿ ಶಿವಮೊಗ್ಗದವರೆಗೆ ತಂದಳು. ಮಂಗಳವಾರ ಬೆಳಿಗ್ಗೆ ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ ನಾನಿನ್ನೂ ಚೀಲಕ್ಕೆ ಕೈ ಹಾಕಿ ಚೀಟಿ ಹುಡುಕುತ್ತಿದ್ದೆ, ಯಾರೂ ಕೇಳುವ ಮೊದಲೇ ಅಮ್ಮ ಡಾಕ್ಟರ ಹೆಸರು ಹೇಳಿದಳು. "ನಮ್ಮ ಡಾಕ್ಟ್ರು" ಅಂತ ಸೇರಿಸಿದಳು.

ಹುಡುಗ ಕಂಪ್ಯೂಟರಿನಲ್ಲಿ ಏನೋ ಒತ್ತಿದ. "ಸೊಂಟದ್ದು ಎಂಆರ್‌ಐ ಅಲ್ವಾ? 7,500."

ಅಮ್ಮ ಪರ್ಸ್ ತೆಗೆದಳು. ನಾನು ಕೊಡುತ್ತೇನೆ ಎಂದರೆ ಕೇಳಲಿಲ್ಲ. ಅದು ಅವಳ ಗೃಹಲಕ್ಷ್ಮಿ ದುಡ್ಡು. ತಿಂಗಳಿಗೆ ಎರಡು ಸಾವಿರ. ಮೊಬೈಲಿಗೆ ಮೆಸೇಜು ಬಂದಿತಾ ಅಂತ ಕಾದು ಕಾದು, ಬ್ಯಾಂಕಿನಲ್ಲೇ ಬಿಟ್ಟು ಕೂಡಿಟ್ಟಿದ್ದು. ನಾಲ್ಕು ಕಂತು ಬಿಡಿಸಿಕೊಂಡು ಬಂದಿದ್ದಳು. ಐನೂರರ ಹದಿನೈದು ನೋಟು ಎಣಿಸಿ ಕೊಟ್ಟಳು, ಒಂದು ಉಳಿಯಿತು.

ರಸೀದಿ ಪ್ರಿಂಟ್ ಆಗುತ್ತಿರುವಾಗ ಪಕ್ಕದಲ್ಲಿ ಹೆಲ್ಮೆಟ್ ಹಿಡಿದ ಒಬ್ಬರು ಬಂದು ನಿಂತರು. ಹಿಂದೆ ಬೆಂಚಿನ ಮೇಲೆ ಅವರ ತಂದೆ, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಓರೆಯಾಗಿ ಕೂತಿದ್ದರು. ಇವರದೂ ಸೊಂಟದ ಎಂಆರ್‌ಐ. "ಯಾರು ಕಳಿಸಿದ್ದು?" ಎಂದು ಹುಡುಗ ಕೇಳಿದ. "ಯಾರೂ ಇಲ್ಲ, ಸೆಲ್ಫ್" ಎಂದರು.

"5,500."

ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಅವರು ಫೋನ್ ತೆಗೆದು ಸ್ಕ್ಯಾನ್ ಮಾಡಿ ಕಟ್ಟಿದ ಮೇಲೆ ಪೆಟ್ಟಿಗೆ ದನಿ ಕೂಡ ಹೇಳಿತು, ಐದು ಸಾವಿರದ ಐನೂರು ರೂಪಾಯಿ ಸ್ವೀಕರಿಸಲಾಗಿದೆ ಅಂತ. ಅದೇ ಸೊಂಟ, ಅದೇ ಯಂತ್ರ, ಅದೇ ಕೌಂಟರು. ನಾನು ಕೇಳಿದೆ. ಹುಡುಗ ತಲೆ ಎತ್ತದೆ, ಒರಟಾಗಿಯೂ ಅಲ್ಲ, ಮೆಲ್ಲಗೆ ಹೇಳಿದ: "ನಿಮ್ಮದು ರೆಫರೆನ್ಸ್ ಕೇಸು ಮೇಡಂ. ಅದು ಬೇರೆ."

ಆಗ ಅಮ್ಮ ನನ್ನ ಕಡೆ ತಿರುಗಿ ಕೇಳಿದಳು: "ಹೆಸರು ಹೇಳಬಾರದಿತ್ತೇನೇ ನಾವು?"

ನಾಲ್ಕು ದಿನವಾಯಿತು. ಆ ಪ್ರಶ್ನೆ ಕಿವಿಯಿಂದ ಹೋಗುತ್ತಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಮನೆಗೆ ಹೋಗಿ ಗೊತ್ತಿಲ್ಲದೆ ಏನೋ ಮೈಲಿಗೆ ಮಾಡಿದೆನೇನೋ ಎನ್ನುವಂಥ ಅಂಜಿಕೆ ಇತ್ತು. ನಮ್ಮ ಕಡೆ ಹೆಸರು ಹೇಳುವುದು ಅಂದರೆ ಒಂದು ಆಸರೆ. ಬಟ್ಟೆ ಅಂಗಡಿಗೆ ಹೋಗುವಾಗ, ಟ್ರ್ಯಾಕ್ಟರ್ ರಿಪೇರಿಗೆ ಹೋಗುವಾಗ, "ನನ್ನ ಹೆಸರು ಹೇಳು, ನೋಡಿ ಹಾಕ್ತಾನೆ" ಎಂದು ಕಳಿಸುತ್ತಾರೆ. ಹೆಸರು ಹೇಳಿದರೆ ನಾಲ್ಕು ಕಾಸು ಕಡಿಮೆಯಾಗಬೇಕು. ಹೆಸರು ಹೇಳಿದ್ದಕ್ಕೆ ಎರಡು ಸಾವಿರ ಹೆಚ್ಚು ಕೊಟ್ಟಿದ್ದು ಅಮ್ಮನ ಅರವತ್ತೆರಡು ವರ್ಷದಲ್ಲಿ ಇದೇ ಮೊದಲು. ಸರಿಯಾಗಿ ಒಂದು ಕಂತು.

ಕೌಂಟರಿನ ಗೋಡೆಯಲ್ಲಿ ಒಂದು ಬೋರ್ಡಿತ್ತು, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂದು. ಇರಲೇಬೇಕಾದ ಬೋರ್ಡು, ಇತ್ತು. ದರಪಟ್ಟಿ ಎಲ್ಲಿದೆ ಎಂದು ನಾನು ನಾಲ್ಕೂ ಗೋಡೆ ನೋಡಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆಂದು ಕರ್ನಾಟಕ 2007ರಲ್ಲಿ ಮಾಡಿದ ಕಾಯ್ದೆಯಲ್ಲಿ, ಯಾವುದಕ್ಕೆ ಎಷ್ಟು ಎಂದು ಜನರಿಗೆ ಕಾಣುವ ಹಾಗೆ ಹಾಕಬೇಕು ಎಂದಿದೆ. ಅದೂ ಇರಲೇಬೇಕಾದ ಬೋರ್ಡೇ. ಇರಲಿಲ್ಲ.

ಒಳಗೆ ಕರೆದರು. ಟೆಕ್ನಿಷಿಯನ್ ಹುಡುಗಿ ಒಂದೊಂದೇ ಕೇಳಿದಳು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಸ್ಟೆಂಟ್ ಹಾಕಿದ್ದಾರಾ, ಮೂಳೆಗೆ ರಾಡ್ ಇದೆಯಾ, ಕಿವಿಯಲ್ಲಿ ಮಿಷನ್ ಇದೆಯಾ. ಆ ಕೋಣೆಯಲ್ಲಿರುವುದು ದೊಡ್ಡ ಅಯಸ್ಕಾಂತ, ಸ್ಕ್ಯಾನ್ ಇಲ್ಲದಾಗಲೂ ಅದು ಆಫ್ ಆಗಿರುವುದಿಲ್ಲ, ಹೇರ್‌ಪಿನ್ ಕೂಡ ಎಳೆದುಕೊಳ್ಳುತ್ತದೆ, ಎಕ್ಸ್‌ರೇ ತರಹದ ಕಿರಣ ಮಾತ್ರ ಇಲ್ಲ, ಹೆದರಬೇಡಿ ಎಂದು ಅಮ್ಮನಿಗೆ ತಿಳಿಯುವ ಹಾಗೆ ಹೇಳಿದಳು. ಆ ದಿನ ಅಲ್ಲಿ ನನಗೆ ಪೂರ್ತಿ ಇಷ್ಟವಾದದ್ದು ಆ ಹುಡುಗಿ ಒಬ್ಬಳೇ. ದಿನಕ್ಕೆ ಎಷ್ಟು ಜನಕ್ಕೆ ಅದನ್ನೇ ಹೇಳುತ್ತಾಳೋ, ಅಮ್ಮನಿಗೆ ಮೊದಲ ಸಲ ಹೇಳುವ ಹಾಗೆ ಹೇಳಿದಳು.

ತಾಳಿ ತೆಗೆಯಬೇಕು ಎಂಬುದು ಅಮ್ಮನಿಗೆ ಗೊತ್ತಿತ್ತು. ಪಕ್ಕದ ಮನೆಯವರು ಹೇಳಿಕೊಟ್ಟಿದ್ದರು. ಬ್ಲೌಸಿನೊಳಗಿಂದ ಸಣ್ಣ ಕಾಗದದ ಪೊಟ್ಟಣ ತೆಗೆದಳು. ಅರಿಶಿನ ಹಚ್ಚಿದ ನೂಲು, ಅದರಲ್ಲಿ ಒಂದು ಅರಿಶಿನ ಕೊಂಬು. ಅದನ್ನು ಕೊರಳಿಗೆ ಕಟ್ಟಿಸಿಕೊಂಡ ಮೇಲೆಯೇ ಸರ ಬಿಚ್ಚಲು ಬಿಟ್ಟಳು. ಕಾಲುಂಗುರ ಬರಲಿಲ್ಲ. ಮೂವತ್ತೆಂಟು ವರ್ಷ ತೋಟ, ಕೊಟ್ಟಿಗೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಂದು ದುಡಿದ ಕಾಲಿನ ಬೆರಳು, ಗೆಣ್ಣು ದಪ್ಪವಾಗಿ ಉಂಗುರ ಒಳಗೇ ಕೂತುಬಿಟ್ಟಿತ್ತು. ಆ ಹುಡುಗಿಯೇ ನೆಲದಲ್ಲಿ ಕೂತು ಸೋಪಿನ ನೀರು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು. ಬಲಗಾಲಿನದು ಬಂದಾಗ ಅಮ್ಮ "ಉಸ್" ಅಂದಳು. ಎಡಗಾಲಿನದು ಬಂದಾಗ ಏನೂ ಅನ್ನಲಿಲ್ಲ, ಆ ಬೆರಳು ಮೂರು ತಿಂಗಳಿನಿಂದ ಜೋಮು. ಉಂಗುರದಡಿಯ ಚರ್ಮ ಬೆಳ್ಳಗೆ, ಮಗುವಿನ ಚರ್ಮದ ಹಾಗಿತ್ತು. ನಾನು ಅದನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಬಾಗಿಲು ಹಾಕಿದರು. ಅರ್ಧ ಗಂಟೆ ನಾನು ಹೊರಗೆ, ತಾಳಿಯನ್ನೂ ಎರಡು ಜೊತೆ ಕಾಲುಂಗುರವನ್ನೂ ಕರ್ಚೀಫಿನಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದು ಕೂತೆ. ಒಳಗಿನ ಬಡಿತ ಗೋಡೆಯಾಚೆಗೂ ಕೇಳುತ್ತಿತ್ತು. ಅಕ್ಕಿ ಮಿಲ್ಲಿನ ಹೊಟ್ಟೆಯಲ್ಲಿ ಮಲಗಿದ ಹಾಗಿತ್ತು ಎಂದಳು ಅಮ್ಮ ಹೊರಗೆ ಬಂದು. ಮರುಕ್ಷಣವೇ, "ಹೆಸರು ಹೇಳಬಾರದಿತ್ತೇನೇ ನಾವು?"

ಅಣ್ಣನಿಗೆ ಫೋನ್ ಮಾಡಿದರೆ, "ಎಲ್ಲ ಕಡೆ ಹಾಗೇ ಕಣೇ, ಬಿಡು" ಎಂದ. ಬೆಂಗಳೂರಿಗೆ ಹೋದ ಮೇಲೆ ಅವನು ಎಲ್ಲದಕ್ಕೂ ಹೀಗೆನ್ನುತ್ತಾನೆ, ನನಗೆ ಆ ಮಾತು ಕಂಡರಾಗದು. ಎಲ್ಲ ಕಡೆ ಹಾಗೇ ಎನ್ನುವುದು ನನಗೂ ಗೊತ್ತು. 2017ರ ಕೊನೆಯಲ್ಲಿ ಆದಾಯ ತೆರಿಗೆಯವರು ಬೆಂಗಳೂರಿನ ಕೆಲವು ಡಯಾಗ್ನಾಸ್ಟಿಕ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ ಪತ್ರಿಕೆಗಳಲ್ಲಿ ಬಂದಿತ್ತು. ರೋಗಿಯನ್ನು ಕಳಿಸಿದ ಡಾಕ್ಟರಿಗೆ ಎಂಆರ್‌ಐ ಆದರೆ ಶೇ. 35, ಸಿಟಿ ಸ್ಕ್ಯಾನು, ಲ್ಯಾಬ್ ಟೆಸ್ಟಾದರೆ ಶೇ. 20. ಇಂಥ ಕಮಿಷನ್ ತೆಗೆದುಕೊಳ್ಳಬಾರದು, ಕೊಡಬಾರದು ಎಂದು ವೈದ್ಯಕೀಯ ಪರಿಷತ್ತು 2002ರಲ್ಲೇ ನಿಯಮ ಮಾಡಿದೆ. ಆ ಸುದ್ದಿ ಓದಿದಾಗ ಬೆಂಗಳೂರಿನ ಕಥೆ ಎಂದು ಮಡಚಿಟ್ಟಿದ್ದೆ. ಬಸ್ಸಿನಲ್ಲಿ, ಆಯನೂರು ದಾಟಿದ ಮೇಲೆ, ಕೂರಲಾರದೆ ಸೀಟಿನ ಕಂಬಿ ಹಿಡಿದು ನಿಂತ ಅಮ್ಮನ ಬೆನ್ನು ನೋಡುತ್ತಾ ಲೆಕ್ಕ ಹಾಕಿದೆ: 7,500ಕ್ಕೆ ಶೇ. 35 ಅಂದರೆ 2,625.

ನಮ್ಮ ಡಾಕ್ಟರು ತೆಗೆದುಕೊಂಡರು ಎನ್ನಲು ನನ್ನ ಹತ್ತಿರ ಏನೂ ಇಲ್ಲ. ಅಪ್ಪನಿಗೆ ತೋಟದಲ್ಲಿ ಹಾವು ಕಚ್ಚಿದ ರಾತ್ರಿ ಹನ್ನೊಂದೂವರೆಗೆ ಫೋನ್ ಎತ್ತಿ, ನಾವು ಬರುವ ಮೊದಲೇ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದವರು ಅವರು. ನನಗೆ ಒಳ್ಳೆಯವರೇ ಎಂದು ಈಗಲೂ ಅನಿಸುತ್ತದೆ. ಆದರೆ ಚೀಟಿ ಅವರ ಲೆಟರ್‌ಹೆಡ್ಡಿನದಲ್ಲ. ಸ್ಕ್ಯಾನಿಂಗ್ ಸೆಂಟರಿನವರದೇ ಪ್ಯಾಡು, ಮೇಲೆ ಅವರ ಹೆಸರು, ಕೆಳಗೆ ತಲೆಯಿಂದ ಕಾಲಿನವರೆಗೆ ಚೌಕಗಳು, ಒಂದಕ್ಕೆ ಟಿಕ್ಕು. ಆ ಪ್ಯಾಡು ಡಾಕ್ಟರ ಮೇಜಿನ ಮೇಲೆ ವರ್ಷಗಟ್ಟಲೆಯಿಂದ ಇತ್ತು, ನಾನೇ ನೋಡಿದ್ದೇನೆ. ನೋಡಿ ಏನೂ ಅಂದುಕೊಂಡಿರಲಿಲ್ಲ.

ಎರಡು ಸಾವಿರಕ್ಕಿಂತ ನನ್ನನ್ನು ಹಿಂಡುತ್ತಿರುವುದು ಬೇರೆ. ರಿಪೋರ್ಟು ಬಂತು. ಸೊಂಟದ ಎಲ್4, ಎಲ್5 ಮೂಳೆಗಳ ನಡುವಿನ ಡಿಸ್ಕು ಹೊರಗೆ ಬಂದು ನರಕ್ಕೆ ಒತ್ತುತ್ತಿದೆ. ಕಾಲಿನ ಜೋಮಿಗೆ ಕಾರಣ ಸಿಕ್ಕಿತು, ಸ್ಕ್ಯಾನು ಬೇಕೇ ಇತ್ತು. ಹಾಗಿದ್ದೂ ಅದನ್ನು ಓದುತ್ತಿದ್ದಾಗ ನನ್ನ ತಲೆಗೆ ಮೊದಲು ಬಂದದ್ದು, ಹೋದ ವರ್ಷ ಅಪ್ಪನಿಗೆ ಬರೆದುಕೊಟ್ಟ ಸ್ಕ್ಯಾನು ಬೇಕಿತ್ತಾ? ಚಿಕ್ಕಮ್ಮನಿಗೆ ಬರೆದುಕೊಟ್ಟದ್ದು? ಇಷ್ಟು ವರ್ಷದ ಚೀಟಿಗಳನ್ನೆಲ್ಲ ಮನಸ್ಸು ಒಂದೊಂದಾಗಿ ಹೊರಗೆ ತೆಗೆದು ನೋಡುತ್ತಿದೆ. ನಾಳೆ ಅವರು ಆಪರೇಷನ್ ಬೇಕು ಎಂದರೆ ನಾನು ಅವರ ಮುಖ ನೋಡುವುದು ಹೇಗೆ? ಬೇಡ ಎಂದರೂ ಹೇಗೆ? ಊರಲ್ಲಿ ಕೇಳಲು ನಮಗೆ ಇನ್ನೊಬ್ಬರಿಲ್ಲ.

ಸೋಮವಾರ ಫಿಲ್ಮ್ ತೋರಿಸಲು ಹೋಗಬೇಕು. ರಸೀದಿ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟು ಕೇಳುತ್ತೇನೆ ಎಂದು ನಿನ್ನೆ ರಾತ್ರಿ ಹೇಳಿದೆ. ಅಮ್ಮ ಮಗ್ಗುಲು ತಿರುಗಲು ಆಗದೆ ಸೂರು ನೋಡಿಕೊಂಡೇ ಮಲಗಿದ್ದಳು. "ನೀನು ಕೇಳಬೇಡ, ಸಿಟ್ಟಲ್ಲಿ ಕೇಳ್ತೀಯ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವರು ಹೇಳಿದ ಹಾಗೇ ಹೆಸರು ಹೇಳಿದವಳು ನಾನು. ನಾನೇ ಕೇಳ್ತೀನಿ."

ಈಗ ಬಾಗಿಲ ಪಕ್ಕದ ಮೊಳೆಗೆ ಫಿಲ್ಮಿನ ಚೀಲ ತೂಗು ಹಾಕಿದೆ. ಅದರ ಕೆಳಗೆ, ಪ್ರತಿ ಸಲ ಡಾಕ್ಟರಿಗೆ ಕೊಂಡೊಯ್ಯುವ ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ. ಇವತ್ತು ಬೆಳಿಗ್ಗೆ ಅಮ್ಮ ಅದನ್ನು ಒರೆಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಾಳೆ.